ಪಿಕಪ್ ಗಾಡಿಗೇ ಪಿಕಪ್ ಇಲ್ಲ, ಏನು ಮಾಡಲಿ?

ಹಳೇ ಗಾಡಿಗಳ ಬಾನೆಟ್ ಎತ್ತುವ ಹುಚ್ಚು ನನಗಿದೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ ಪ್ರಶ್ನೆ. "ನನ್ನ ಹತ್ರ ಐವತ್ತು ವರ್ಷದ ಪೆಟ್ರೋಲ್ ಪಿಕಪ್ ಇದೆ. ಓಡುತ್ತೆ, ಆದ್ರೆ ಪಿಕಪ್ಪೇ ಇಲ್ಲ. ಏರು ಬಂದ್ರೆ ಏದುಸಿರು ಬಿಡುತ್ತೆ. ಜಾಸ್ತಿ ಖರ್ಚಿಲ್ದೆ ಎಂಜಿನ್ ಚುರುಕು ಮಾಡೋದು ಹೇಗೆ? ದೊಡ್ಡ ಕಾರ್ಬೊರೇಟರ್ ಹಾಕಿಸ್ಲಾ?"

ಹಾಕಿಸಬೇಡಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ ದೊಡ್ಡದಾಗಬೇಕಿಲ್ಲ. ಇದು ನನ್ನ ಚಿಕ್ಕ ಉತ್ತರ. ಉದ್ದದ್ದು ಕೆಳಗಿದೆ.

ಅಷ್ಟು ವರ್ಷ ದುಡಿದ ಎಂಜಿನ್, ಹೊಸದರಲ್ಲಿ ಕೊಡುತ್ತಿದ್ದಷ್ಟು ಶಕ್ತಿಯನ್ನು ಈಗ ಕೊಡುತ್ತಿರುವುದಿಲ್ಲ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಸೋರಿಹೋಗಿರುತ್ತದೆ. ತೂತು ಬಿಂದಿಗೆಗೆ ಎಷ್ಟು ನೀರು ಹೊಯ್ದರೇನು? ಮೊದಲು ತೂತು ಹುಡುಕಬೇಕು. ಅದನ್ನು ಮುಚ್ಚುವ ಖರ್ಚು ಹೊಸ ಸಾಮಾನು ತಂದು ಕೂರಿಸುವುದಕ್ಕಿಂತ ಬಹುತೇಕ ಕಡಿಮೆಯೇ ಇರುತ್ತದೆ.

ಹಳೇ ಅಮೆರಿಕನ್ ಪಿಕಪ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. 1972ಕ್ಕಿಂತ ಹಿಂದಿನ ಜಾಹೀರಾತಿನ ಹಾರ್ಸ್‌ಪವರ್ ನೋಡಿ ಕೊರಗಬೇಡಿ. ಆಗ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ಏರ್ ಕ್ಲೀನರ್ ಮತ್ತು ಗಾಡಿಯದೇ ಸೈಲೆನ್ಸರ್ ಇಲ್ಲದೆ ಅಳೆದು 'ಗ್ರಾಸ್' ಲೆಕ್ಕ ಕೊಡುತ್ತಿದ್ದರು. 1972ರಿಂದ ಎಲ್ಲ ಜೋಡಿಸಿ ಅಳೆಯುವ 'ನೆಟ್' ಲೆಕ್ಕ ಬಂತು. ಅದೇ ಎಂಜಿನ್, ಕಾಗದದ ಮೇಲೆ ಮಾತ್ರ ಸೊರಗಿತು.

ಸರಿ, ಕೆಲಸಕ್ಕೆ ಬರೋಣ. ನಾನು ಕಂಪ್ರೆಷನ್ (ಪಿಸ್ಟನ್ ಸಿಲಿಂಡರಿನಲ್ಲಿ ಎಬ್ಬಿಸುವ ಒತ್ತಡ) ನೋಡದೆ ಬೇರೆ ಯಾವುದಕ್ಕೂ ಕೈ ಹಾಕುವುದಿಲ್ಲ. ಎಂಜಿನ್ ಬಿಸಿ ಮಾಡಿ, ಇಗ್ನಿಷನ್ ಕಾಯಿಲ್ ವೈರ್ ತೆಗೆದಿಟ್ಟು, ಎಲ್ಲ ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಸ್ಟಾರ್ಟರ್ ತಿರುಗಿಸುತ್ತೇನೆ. ಅತಿ ಕಡಿಮೆ ಬಂದದ್ದು ಅತಿ ಹೆಚ್ಚು ಬಂದದ್ದರ ಮುಕ್ಕಾಲು ಭಾಗವಾದರೂ ಇರಬೇಕು. ಒಂದರಲ್ಲಿ 140 ಪಿಎಸ್‌ಐ ಬಂದರೆ ಇನ್ನೊಂದರಲ್ಲಿ 105ಕ್ಕಿಂತ ಕೆಳಗೆ ಬರಬಾರದು. ಬಂದರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ. ಹಾಗೇ ಇದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ಅನುಮಾನ ಪಡಿ. ವಾಲ್ವ್ ಅಂದ ತಕ್ಷಣ ಹೆಡ್ ಇಳಿಸಬೇಡಿ. ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸಂದು ತೀರಾ ಬಿಗಿಯಾಗಿದ್ದರೂ ಹೀಗೇ ಆಗುತ್ತದೆ. ಆ ಸಂದು ಅಳೆದು ಸರಿ ಮಾಡಲು ತೆಳು ತಗಡುಗಳ ಫೀಲರ್ ಗೇಜ್ ಸಾಕು.

ಮುಂದಿನ ಪರೀಕ್ಷೆ ಹೇಳಿದರೆ ಜನ ನಗುತ್ತಾರೆ. ಎಂಜಿನ್ ಆಫ್ ಮಾಡಿ. ಒಬ್ಬರು ಒಳಗೆ ಕೂತು ಪೆಡಲನ್ನು ಪೂರ್ತಿ ತುಳಿಯಲಿ. ನೀವು ಏರ್ ಕ್ಲೀನರ್ ತೆಗೆದು, ಟಾರ್ಚ್ ಹಿಡಿದು ಕಾರ್ಬೊರೇಟರ್ ಗಂಟಲೊಳಗೆ ಇಣುಕಿ. ಥ್ರಾಟಲ್ ತಟ್ಟೆ ನೆಟ್ಟಗೆ ನಿಂತಿದೆಯಾ? ಒಮ್ಮೆ ಸ್ನೇಹಿತನೊಬ್ಬನ ಆರು ಸಿಲಿಂಡರ್ ಪಿಕಪ್ ನೋಡಿದೆ. ಅವನು ದೊಡ್ಡ ಕಾರ್ಬೊರೇಟರ್ ತರಿಸಿ ಡಬ್ಬಿ ಸಮೇತ ಇಟ್ಟುಕೊಂಡಿದ್ದ. ಗಾಡಿಯಲ್ಲಿ ತಟ್ಟೆ ಮುಕ್ಕಾಲು ಮಾತ್ರ ತೆರೆಯುತ್ತಿತ್ತು. ಪೆಡಲಿನ ಕೊಂಡಿಯ ಬುಶ್ ಸವೆದು ಲೊಡಲೊಡ ಅನ್ನುತ್ತಿತ್ತು. ಸಾಲದ್ದಕ್ಕೆ ಪೆಡಲ್ ಕೆಳಗೆ ಮ್ಯಾಟ್ ಮೇಲೆ ಮ್ಯಾಟ್ ಹಾಸಿದ್ದ! ಬುಶ್ ಬದಲಿಸಿ ಒಂದು ಮ್ಯಾಟ್ ಎತ್ತಿದ್ದಷ್ಟೇ. ಇಷ್ಟು ವರ್ಷ ಪೂರ್ತಿ ಬಾಯಿ ತೆರೆಯದಿದ್ದ ಎಂಜಿನ್ ಆವತ್ತು ತೆರೆಯಿತು.

ಇನ್ನು ಟೈಮಿಂಗ್, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತು. ಹಳೇ ಎಂಜಿನ್ನಿನಲ್ಲಿ ಪುಕ್ಕಟೆ ಶಕ್ತಿ ಜಾಸ್ತಿ ಅಡಗಿರುವುದು ಇಲ್ಲೇ ಅಂತ ನನ್ನ ಲೆಕ್ಕ. ಎಂಜಿನ್ ವೇಗ ಏರಿದಂತೆ ಕಿಡಿ ಬೇಗ ಬೇಗ ಬರಬೇಕು. ಇದನ್ನು ನೋಡಿಕೊಳ್ಳುವುದು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಎರಡು ಪುಟ್ಟ ತೂಕದ ಬಿಲ್ಲೆಗಳು ಮತ್ತು ಅವುಗಳ ಸ್ಪ್ರಿಂಗ್. ಹಳೇ ಗ್ರೀಸ್ ಒಣಗಿ ಅಂಟಾಗಿ ಅವು ಅಲ್ಲೇ ಕಚ್ಚಿಕೊಂಡಿರುತ್ತವೆ. ಕ್ಯಾಪ್ ತೆಗೆದು ರೋಟರನ್ನು ಅದು ಸುತ್ತುವ ದಿಕ್ಕಿಗೆ ಬೆರಳಲ್ಲಿ ತಿರುಗಿಸಿ ಬಿಡಿ. ಟಕ್ಕನೆ ಹಿಂದಕ್ಕೆ ಬಂದರೆ ಸರಿ. ಸೋಮಾರಿಯಂತೆ ಅಲ್ಲೇ ನಿಂತರೆ ಬಿಚ್ಚಿ ತೊಳೆದು ಒಂದೆರಡು ಹನಿ ಎಣ್ಣೆ ಬಿಡಿ. ಎಂಜಿನ್ನಿನ ಗಾಳಿಯೆಳೆತಕ್ಕೆ ತಕ್ಕಂತೆ ಕಿಡಿಯ ಹೊತ್ತು ಸರಿಸುವ, ಪಕ್ಕದಲ್ಲಿರುವ ವ್ಯಾಕ್ಯೂಮ್ ಡಬ್ಬಿಗೂ ಒಂದು ಪರೀಕ್ಷೆ ಇದೆ. ಅದಕ್ಕೆ ಚಿಕ್ಕ ಹೊಸ ಹೋಸ್ ಸಿಕ್ಕಿಸಿ, ಬಾಯಲ್ಲಿ ಎಳೆದು ತುದಿಗೆ ನಾಲಿಗೆ ಒತ್ತಿ. ಒಳಗಿನ ಪ್ಲೇಟ್ ಸರಿದು ಹಾಗೇ ನಿಲ್ಲಬೇಕು. ಗಾಳಿ ಬಂದರೆ ಡಯಾಫ್ರಮ್ ಹರಿದಿದೆ. ಹಳೇ ಹೋಸನ್ನು ಬಾಯಿಗಿಡಬೇಡಿ, ಆ ರುಚಿ ಎರಡು ದಿನ ಹೋಗುವುದಿಲ್ಲ.

ಆಮೇಲೆ ಟೈಮಿಂಗ್ ಲೈಟ್ (ಕಿಡಿ ಹಾರಿದಾಗಲೆಲ್ಲ ಮಿಂಚುವ ದೀಪ) ಹಿಡಿಯಿರಿ. ಆದರೆ ಮುಂದಿನ ಪುಲ್ಲಿಯ ಗುರುತನ್ನು ಕಣ್ಣುಮುಚ್ಚಿ ನಂಬಬೇಡಿ. ತುಂಬಾ ಎಂಜಿನ್‌ಗಳಲ್ಲಿ ಆ ಗುರುತು ಇರುವುದು ಎಂಜಿನ್ ನಡುಕ ತಗ್ಗಿಸುವ ಚಕ್ರವಾದ ಬ್ಯಾಲೆನ್ಸರಿನ ಹೊರಬಳೆಯ ಮೇಲೆ. ಬಳೆ ಕೂತಿರುವುದು ರಬ್ಬರಿನ ಮೇಲೆ. ರಬ್ಬರ್ ಸತ್ತರೆ ಬಳೆ ಜಾರುತ್ತದೆ, ಗುರುತು ಸುಳ್ಳು ಹೇಳುತ್ತದೆ. ಮೊದಲನೇ ಪಿಸ್ಟನ್ ನಿಜವಾಗಿ ಮೇಲಿದ್ದಾಗ ಗುರುತು ಸೊನ್ನೆಗೆ ಬರುತ್ತದಾ ನೋಡಿಕೊಳ್ಳಿ. ವ್ಯಾಕ್ಯೂಮ್ ಹೋಸ್ ಕಳಚಿ ಬಾಯಿ ಮುಚ್ಚಿ, ನಿಮ್ಮ ಎಂಜಿನ್ ಕೈಪಿಡಿಯ ಅಂಕಿಗೆ ಹೊಂದಿಸಿ. ಏರಿನಲ್ಲಿ ಭಾರ ಎಳೆಯುವಾಗ ಕಿಟಕಿಟ ಸದ್ದು ಬಂದರೆ ಎರಡು ಡಿಗ್ರಿ ಹಿಂದಕ್ಕೆ ತನ್ನಿ. ಆ ಸದ್ದನ್ನು ಕೇಳಿಯೂ ಸುಮ್ನೆ ಓಡಿಸಿದರೆ ಪಿಸ್ಟನ್ನೇ ಒಡೆದೀತು.

ವಿ-8 (ಎಂಟು ಸಿಲಿಂಡರಿನ ಎಂಜಿನ್) ಇದ್ದವರು ವಾಲ್ವ್‌ಗಳನ್ನು ಆಡಿಸುವ ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನನ್ನೂ ನೋಡಬೇಕು. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಕ್ರ್ಯಾಂಕನ್ನು ಸ್ಪಾನರ್‌ನಲ್ಲಿ ಆಚೆ ಈಚೆ ಅಲ್ಲಾಡಿಸಿ. ಕ್ರ್ಯಾಂಕ್ ಹತ್ತು ಡಿಗ್ರಿ ತಿರುಗಿದರೂ ರೋಟರ್ ಅಲುಗದಿದ್ದರೆ ಚೈನ್ ಸಡಿಲವಾಗಿದೆ. ಫೋರ್ಡ್ 300ರಂಥ ಆರು ಸಿಲಿಂಡರಿನಲ್ಲಿ ಚೈನ್ ಇಲ್ಲ, ಗೇರ್ ಇದೆ. ಅಂಥದ್ದನ್ನು ಇಟ್ಟುಕೊಂಡವರಿಗೆ ಈ ತಲೆನೋವಿಲ್ಲ.

ಈಗ ಕಾರ್ಬೊರೇಟರ್. ದೊಡ್ಡದು ಬೇಡ ಅಂದೆನಲ್ಲ, ಎಂಜಿನ್ ಎಷ್ಟು ಗಾಳಿ ಎಳೆಯುತ್ತದೆ ಅನ್ನುವ ಲೆಕ್ಕ ನೋಡಿ. ಎಂಜಿನ್ನಿನ ಘನ ಇಂಚನ್ನು ಗರಿಷ್ಠ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಿ. 300 ಘನ ಇಂಚಿನ ಎಂಜಿನ್ 4000 ಆರ್‌ಪಿಎಂ ಸುತ್ತಿದರೆ ಸುಮಾರು 347 ಬರುತ್ತದೆ. ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಶೇಕಡಾ 80 ಅಂತಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ 280 ಘನ ಅಡಿಯ ಹತ್ತಿರ. ಅದಕ್ಕೆ 600 ಘನ ಅಡಿಯ ಕಾರ್ಬೊರೇಟರ್ ಯಾಕೆ? ಗಂಟಲು ಅಗಲವಾದಷ್ಟೂ ಗಾಳಿಯ ವೇಗ ಕಡಿಮೆ, ಪೆಟ್ರೋಲ್ ಸರಿಯಾಗಿ ಹನಿಯೊಡೆಯುವುದಿಲ್ಲ. ಪೆಡಲ್ ತುಳಿದಾಗ ಗಾಡಿ ಮುಗ್ಗರಿಸುತ್ತದೆ. ಇರುವುದನ್ನೇ ಬಿಚ್ಚಿ, ತೊಳೆದು, ರಿಪೇರಿ ಕಿಟ್ ಹಾಕಿ, ಫ್ಲೋಟ್ ಮಟ್ಟ ಸರಿ ಮಾಡಿ. ಥ್ರಾಟಲ್ ಶಾಫ್ಟ್ ಅಲ್ಲಾಡುತ್ತಿದ್ದರೆ ಮಾತ್ರ ಕಿಟ್ ಸಾಲದು. ಅಲ್ಲಿಂದ ಕಳ್ಳಗಾಳಿ ಎಳೆಯುತ್ತದೆ, ಬುಶ್ ಹಾಕಿಸಲೇಬೇಕು.

ಇಷ್ಟಾದ ಮೇಲೆ ಎಂಜಿನ್ನಿನ ಗಾಳಿಯೆಳೆತ ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ. ಸಮುದ್ರಮಟ್ಟದ ಹತ್ತಿರ ಆರೋಗ್ಯವಂತ ಎಂಜಿನ್ ಐಡಲಿಂಗ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸುತ್ತದೆ, ಮುಳ್ಳು ಕದಲುವುದಿಲ್ಲ. ಎತ್ತರದ ಊರಾದರೆ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಿರಿ. ಮುಳ್ಳು ಒಂದೇ ತಾಳದಲ್ಲಿ ಟಿಕ್ ಟಿಕ್ ಅಂತ ಇಳಿಯುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಬಿಸಿಯಾಗುತ್ತೆ ಅಂತ ಥರ್ಮೋಸ್ಟಾಟ್ ಕಿತ್ತು ಬಿಸಾಡಿದವರು ಬೇಕಾದಷ್ಟು ಜನ. ವಾಪಸ್ ಹಾಕಿಸಿ. ತಣ್ಣಗೇ ಓಡುವ ಎಂಜಿನ್ ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ ಕೂಡ.

ಇಷ್ಟೆಲ್ಲ ಮಾಡಿಯೂ ಗಾಡಿ ಎಳೆಯದಿದ್ದರೆ ಹಿಂದಕ್ಕೆ ಹೋಗಿ ಟೈರ್ ನೋಡಿ. 28 ಇಂಚಿನದಿದ್ದ ಕಡೆ ಚೆಂದಕ್ಕೆ 31ರದ್ದು ಹಾಕಿಸಿದ್ದೀರಾ? ಹಾಗಿದ್ದರೆ 3.50 ಅನುಪಾತದ ಹಿಂದಿನ ಆಕ್ಸಲ್ ಗೇರ್ ಈಗ ಸುಮಾರು 3.16ರಂತೆ ಕೆಲಸ ಮಾಡುತ್ತಿದೆ. ಹತ್ತರಲ್ಲಿ ಒಂದು ಪಾಲು ಎಳೆತ ಅಲ್ಲೇ ಹೋಯಿತು, ಅಲ್ವಾ? ಆ ಸ್ನೇಹಿತನ ಗಾಡಿಯಲ್ಲಿ ಅದೂ ಇತ್ತು. ಮ್ಯಾಟ್ ತೆಗೆಯಲು ಒಪ್ಪಿದವನು ಟೈರಿಗೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ.