ಹನ್ನೆರಡು ಇಂಚಿನ ಡಬ್ಬಿ, ಹನ್ನೆರಡು ವೋಲ್ಟಿನ ಬ್ಯಾಟರಿ

ಕಳೆದ ಗಣೇಶ ಹಬ್ಬಕ್ಕೆ ಚಿಕ್ಕಮಗಳೂರಿನ ಕೋಟೆ ಕಡೆ ಒಂದು ಪುಟ್ಟ ರಸಮಂಜರಿ ಇತ್ತು. ಅದರಲ್ಲಿ ನಾನು ಬೇಸ್ ಗಿಟಾರ್, ಅಂದರೆ ಹಾಡಿನ ಕೆಳಗಿನ ಸ್ವರಗಳನ್ನು ಹಿಡಿಯುವ ನಾಲ್ಕು ತಂತಿಯ ಗಿಟಾರ್, ನುಡಿಸಿದೆ. ಗಿಟಾರಿನ ಮೈ, ಆಂಪ್ಲಿಫೈಯರ್, ಸ್ಪೀಕರ್ ಡಬ್ಬಿ ಮೂರೂ ಮನೆಯಲ್ಲೇ ಮಾಡಿಕೊಂಡದ್ದು. ಆವತ್ತು ಸಂಜೆ ಆ ಡಬ್ಬಿಯನ್ನು ಒಂದು ಗೋಡೆಯ ಹತ್ತಿರ ತಳ್ಳಿದಾಗ ಏನಾಯಿತು ಅನ್ನುವುದನ್ನು ಬರೆಯಬೇಕು ಅಂತ ಆವಾಗಿನಿಂದ ಅಂದುಕೊಳ್ಳುತ್ತಿದ್ದೆ. ಕೈಯಲ್ಲಿ ದುಡ್ಡು ಕಡಿಮೆ ಇದ್ದು ಬೇಸ್ ನುಡಿಸುವ ಆಸೆ ಜಾಸ್ತಿ ಇರುವವರು ಓದಿದರೆ ಸಾಕು.

ನಮ್ಮ ಕಡೆಯ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ಕಾಣುವುದು ಅಪರೂಪ. ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ಹಿಡಿಯುತ್ತಾರೆ, ಇಲ್ಲಾಂದ್ರೆ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿಬಿಡುತ್ತಾರೆ. ನನಗೆ ಅದು ಸಮಾಧಾನ ಕೊಡುವುದಿಲ್ಲ. ಎಂಬತ್ತರ ದಶಕದ ಸಿನಿಮಾ ಹಾಡುಗಳಲ್ಲಿ ಬೇಸ್ ಎಷ್ಟು ಓಡಾಡುತ್ತದೆ ಅಂತ ಕಿವಿಗೊಟ್ಟು ಕೇಳಿದವರಿಗೆ ಗೊತ್ತು. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದು ಎರಡು ಸ್ವರ ಹತ್ತಿ ಮೂರು ಸ್ವರ ಇಳಿದು ಬಂದಿರುತ್ತದೆ. ಗಾಯಕ ಒಂದು ಸಾಲನ್ನು ಸ್ವಲ್ಪ ಎಳೆದರೆ ಟ್ರ್ಯಾಕ್ ಕಾಯುವುದಿಲ್ಲ, ಮನುಷ್ಯ ಕಾಯುತ್ತಾನೆ.

ನಾನು ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ಮನೆ ಹಿರೇಮಗಳೂರಿನಲ್ಲಿ, ಕನ್ನಡದಲ್ಲೇ ಪೂಜೆ ನಡೆಯುವ ಕೋದಂಡರಾಮ ದೇವಸ್ಥಾನದಿಂದ ಸ್ವಲ್ಪ ದೂರ. ಮನೆ ಬಾಡಿಗೆ, ಮಗಳ ಸ್ಕೂಲ್ ಫೀಸು ಎಲ್ಲ ಕಳೆದು ಉಳಿದದ್ದರಲ್ಲಿ ಸಂಗೀತ. ಅಂಗಡಿಯಲ್ಲಿ ಒಳ್ಳೆ ಬೇಸ್ ಗಿಟಾರ್, ಅದಕ್ಕೊಂದು ಆಂಪ್ ಅಂತ ಹೋದರೆ ನನ್ನ ತಿಂಗಳ ಸಂಬಳ ಮುಗಿದು ಮೇಲೆ ಸಾಲ.

ಹಾಗಾಗಿ ಒಂದೊಂದೇ ಭಾಗ ಕೂಡಿಸಿದೆ. ಗಿಟಾರಿನ ಕುತ್ತಿಗೆಯನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಲಿಲ್ಲ. ಅದರೊಳಗೆ ಟ್ರಸ್ ರಾಡ್ ಅಂತ ಕಬ್ಬಿಣದ ಕಡ್ಡಿ ಇರುತ್ತದೆ, ತಂತಿಗಳ ಎಳೆತಕ್ಕೆ ಮರ ಬಾಗದ ಹಾಗೆ ನೋಡಿಕೊಳ್ಳುವುದು ಅದೇ. ಕುತ್ತಿಗೆಯ ಮೇಲೆ ಸ್ವರದ ಜಾಗ ತೋರಿಸುವ ಅಡ್ಡ ಪಟ್ಟಿಗಳಾದ ಫ್ರೆಟ್‌ಗಳ ಲೆಕ್ಕವೂ ಸೂಕ್ಷ್ಮ: 34 ಇಂಚು ಅಂದರೆ 864 ಮಿಲಿಮೀಟರ್ ಉದ್ದದ ತಂತಿಗೆ ಮೊದಲ ಫ್ರೆಟ್ 48.5 ಮಿಲಿಮೀಟರಿಗೆ ಬರಬೇಕು, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ. ಮೈ ಒಡೆದುಹೋಗಿದ್ದ ಒಂದು ಬೇಸ್ ಕಾಲೇಜು ಹುಡುಗನೊಬ್ಬನ ಹತ್ತಿರ ಬಿದ್ದಿತ್ತು, ಅದರ ಕುತ್ತಿಗೆಯನ್ನು 2,500 ರೂಪಾಯಿಗೆ ತಂದೆ. ಮೈಗೆ ಸಿಲ್ವರ್ ಓಕ್. ಇಲ್ಲಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ, ಮೆಣಸಿನ ಬಳ್ಳಿ ಹಬ್ಬಿಸುವ ಮರ. ಹಗುರ, ಕೊರೆಯಲು ಸುಲಭ, ಬೇಡಿದರೆ ತೋಟದವರು ಒಂದು ಹಲಗೆ ಸುಮ್ನೆ ಕೊಡುತ್ತಾರೆ. ಆದರೆ ಮಲೆನಾಡಿನ ಹಸಿ ಮರವನ್ನು ಹಾಗೇ ಬಳಸುವಂತಿಲ್ಲ. ಅತ್ತೆಮನೆಯಲ್ಲಿ ಇನ್ನೂ ಸೌದೆ ಒಲೆ ಇದೆ. ಅದರ ಮೇಲಿನ ಅಟ್ಟದಲ್ಲಿ ಹಲಗೆ ಒಂದಿಡೀ ಬೇಸಿಗೆ ಹೊಗೆ ಕುಡಿದುಕೊಂಡು ಒಣಗಿತು. ಮೈ ಇವತ್ತಿಗೂ ಅಲ್ಲಾಡಿಲ್ಲ. ಕುತ್ತಿಗೆ ಮಾತ್ರ ಆಷಾಢದ ಮಳೆ ಶುರುವಾದ ಕೂಡಲೇ ಬಾಗುತ್ತದೆ, ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ.

ತಂತಿಗಳು ದುಬಾರಿ. ಹಳೆಯದಾಗಿ ಮಂಕಾದಾಗ ಬಿಚ್ಚಿ ಕುದಿಯುವ ನೀರಿಗೆ ಹಾಕುತ್ತೇನೆ. ಬೆವರು, ಜಿಡ್ಡು ಬಿಟ್ಟುಕೊಂಡು ಕೆಲವು ವಾರ ಮತ್ತೆ ಹೊಳಪಿನ ಸದ್ದು ಬರುತ್ತದೆ. ಮಂಕಾದರೂ ಚಿಂತೆ ಇಲ್ಲ ಅನ್ನಿ. ಅಮೆರಿಕದ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗದೆ ಬದಲಾಯಿಸುತ್ತಿರಲಿಲ್ಲವಂತೆ, ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ಅವರ ಸದ್ದು ಕೇಳಿ, ಆಮೇಲೆ ಹೊಸ ತಂತಿ ಬೇಕಾ ಅಂತ ಯೋಚಿಸಿ.

ಇನ್ನು ಸದ್ದು ಹೊರಗೆ ಬರುವ ಕಡೆಗೆ ಬರೋಣ. ಎಲ್ಲರೂ ಮೊದಲು ಕೇಳುವುದು ಎಷ್ಟು ವಾಟ್ ಅಂತ. ನನ್ನ ಪ್ರಕಾರ ಆ ಪ್ರಶ್ನೆ ಎರಡನೆಯದಾಗಬೇಕು. ಮೊದಲು ಕೇಳಬೇಕಾದ್ದು ಸ್ಪೀಕರಿನ ಸೆನ್ಸಿಟಿವಿಟಿ: ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರುತ್ತದೆ ಅನ್ನುವುದು. ಕಾರಿಗೆ ಹಾಕುವ ಸಬ್‌ವೂಫರುಗಳು ಸಾಮಾನ್ಯವಾಗಿ 87ರ ಆಸುಪಾಸು. ಮೈಕ್‌ಸೆಟ್ ಅಂಗಡಿಯವರು ಬಳಸುವ ಗಟ್ಟಿ ಕಾಗದದ ಸ್ಪೀಕರುಗಳು 97ರ ಹತ್ತಿರ. ಈ 10 ಡೆಸಿಬೆಲ್ ವ್ಯತ್ಯಾಸ ತುಂಬಲು ಹತ್ತು ಪಟ್ಟು ವಾಟ್ ಬೇಕು. ಅಂದರೆ ಮೈಕ್‌ಸೆಟ್ ಸ್ಪೀಕರಿಗೆ 8 ವಾಟ್ ಕೊಟ್ಟರೆ ಬರುವ ಸದ್ದಿಗೆ ಕಾರಿನ ಸ್ಪೀಕರ್ 80 ವಾಟ್ ಕೇಳುತ್ತದೆ. 80 ವಾಟಿನ ಆಂಪ್, ಅದರ ಟ್ರಾನ್ಸ್‌ಫಾರ್ಮರ್, ಅದರ ಬೆಲೆ ಎಲ್ಲ ಲೆಕ್ಕ ಹಾಕಿ ನೋಡಿ. ಬಡವರಿಗೆ ಬೇಕಾದ್ದು ಸೆನ್ಸಿಟಿವಿಟಿ. ಇದನ್ನು ನಾನು ಎಷ್ಟು ಜೋರಾಗಿ ಹೇಳಿದರೂ ಕಡಿಮೆಯೇ.

ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿಯೊಂದರ ಮೂಲೆಯಲ್ಲಿ ಕಾಯಿಲ್ (ಒಳಗಿನ ತಂತಿಸುರುಳಿ) ಸುಟ್ಟ ಹನ್ನೆರಡು ಇಂಚಿನ ಸ್ಪೀಕರ್ ಇತ್ತು. 600 ರೂಪಾಯಿಗೆ ಕೊಟ್ಟರು. ರೀಕೋನ್ ಮಾಡಿಸಲು, ಅಂದರೆ ಕಾಯಿಲ್ ಮತ್ತು ಕಾಗದದ ಕೋನ್ ಹೊಸದಾಗಿ ಕೂರಿಸಲು, 900. ಡಬ್ಬಿಗೆ 18 ಮಿಲಿಮೀಟರ್ ಪ್ಲೈವುಡ್, ಬಡಗಿಯ ಹತ್ತಿರ ಉಳಿದಿದ್ದ ತುಂಡುಗಳು. ಒಳಗೆ ಸುಮಾರು 60 ಲೀಟರ್ ಜಾಗ. ತೂತಿಲ್ಲದ, ಪೂರ್ತಿ ಮುಚ್ಚಿದ ಡಬ್ಬಿ. ತೂತು ಬಿಟ್ಟು ಪೈಪ್ ಕೂರಿಸಿದರೆ ಕೆಳಗಿನ ಸ್ವರಗಳು ಇನ್ನೂ ಜೋರಾಗಿ ಬರುತ್ತವೆ ನಿಜ, ಆದರೆ ಅದಕ್ಕೆ ಸ್ಪೀಕರಿನ ಅಳತೆಗಳು ಕರಾರುವಾಕ್ಕಾಗಿ ಗೊತ್ತಿರಬೇಕು. ರೀಕೋನ್ ಆದ ಸ್ಪೀಕರಿನಲ್ಲಿ ಹಳೆಯ ಅಳತೆಗಳು ಉಳಿದಿರುವುದಿಲ್ಲ, ಮುಚ್ಚಿದ ಡಬ್ಬಿ ಅಂಥ ಏರುಪೇರನ್ನು ತಡೆದುಕೊಳ್ಳುತ್ತದೆ. ಒಳಗೆ ಹಳೆ ದಿಂಬಿನ ಬೂರುಗದ ಹತ್ತಿಯನ್ನು ಸೊಳ್ಳೆಪರದೆ ಬಟ್ಟೆಯಲ್ಲಿ ಕಟ್ಟಿ ತುಂಬಿದೆ. ಕೋನನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಟ್ಟಾಗ ಅದು ಥಟ್ಟನೆ ಹಾರದೆ ನಿಧಾನಕ್ಕೆ ಮೇಲೆ ಬಂದರೆ ಡಬ್ಬಿಯಲ್ಲಿ ಗಾಳಿ ಸೋರುತ್ತಿಲ್ಲ ಅಂತ ಅರ್ಥ. ನನ್ನದು ನಿಧಾನಕ್ಕೆ ಬಂತು. ಆ ಖುಷಿ ಈಗಲೂ ನೆನಪಿದೆ.

ಆಂಪ್ ಟಿಪಿಎ3116 ಅನ್ನುವ ಚಿಪ್ಪಿನ ಪುಟ್ಟ ಬೋರ್ಡ್. ಕ್ಲಾಸ್ ಡಿ ಅನ್ನುವ ಜಾತಿಯದು, ಶಾಖ ಕಡಿಮೆ, ಕರೆಂಟು ಕಡಿಮೆ ತಿನ್ನುತ್ತದೆ. ಅದಕ್ಕೆ ಹನ್ನೆರಡು ವೋಲ್ಟಿನ, ಯುಪಿಎಸ್‌ಗಳಲ್ಲಿ ಇರುವಂಥ 7 ಆಂಪಿಯರ್ ಅವರ್ ಬ್ಯಾಟರಿ. ಈ ವೋಲ್ಟೇಜಿನಲ್ಲಿ 8 ಓಮಿನ ಸ್ಪೀಕರಿಗೆ ಸಿಗುವುದು ಸುಮಾರು 8 ವಾಟ್, ಅಷ್ಟೇ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್ಪಿಗೂ ಆ ಬೋರ್ಡಿಗೂ ನೇರವಾಗಿ ಹೊಂದುವುದಿಲ್ಲ. ಪಿಕಪ್ಪಿಗೆ ಎದುರುಗಡೆ 10 ಲಕ್ಷ ಓಮ್ ತಡೆ ಇದ್ದರೆ ಚೆಂದ, ಬೋರ್ಡು ಅದರ ಹತ್ತಿರಕ್ಕೂ ಬರುವುದಿಲ್ಲ, ಹಾಗಾಗಿ ಸದ್ದಿನ ಮೇಲ್ಭಾಗವೆಲ್ಲ ಸತ್ತುಹೋಗುತ್ತದೆ. ನಡುವೆ ಟಿಎಲ್072 ಚಿಪ್ಪಿನ ಚಿಕ್ಕ ಬಫರ್, ಅಂದರೆ ಎರಡನ್ನೂ ಹೊಂದಿಸುವ ಸರ್ಕ್ಯೂಟ್, ಕೂರಿಸಿ ಅದನ್ನು ಸ್ಟೀಲ್ ಟಿಫನ್ ಡಬ್ಬಿಯೊಳಗೆ ಇಟ್ಟೆ. ಸ್ಟೀಲ್ ಯಾಕೆಂದರೆ ಹೊರಗಿನ ಕರೆಂಟಿನ ಗುಂಯ್ ಸದ್ದು ಒಳಗೆ ಬರಬಾರದು. ಬೇಸ್ ನುಡಿಸುವವರಿಗೆ ಆ ಗುಂಯ್ ಬೇರೆಯವರಿಗಿಂತ ದೊಡ್ಡ ಕಾಟ. ನಮ್ಮ ದೇಶದ ಕರೆಂಟು 50 ಹರ್ಟ್ಸ್ (ಸೆಕೆಂಡಿಗೆ 50 ಕಂಪನ), ದಪ್ಪ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಸ್. ಎರಡೂ ಒಟ್ಟಿಗೆ ಇದ್ದರೆ ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ, ಸ್ವರವೇ ನಡುಗಿದ ಹಾಗೆ. ಬ್ಯಾಟರಿ ಹಾಕಿದ ಮೇಲೆ ಆ ಕಾಟ ತಪ್ಪಿತು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ, ಆ ಹೊತ್ತಿನಲ್ಲೂ ಅಭ್ಯಾಸ ನಡೆಯುತ್ತದೆ.

ಇಂಗ್ಲೆಂಡಿನ ಕ್ವೀನ್ ರಾಕ್ ತಂಡದ ಬೇಸ್ ವಾದಕ ಜಾನ್ ಡೀಕನ್ ಕೂಡ ಹೀಗೇ ಒಂದು ಆಂಪ್ ಮಾಡಿದ್ದರು. ಎಪ್ಪತ್ತರ ದಶಕದ ಶುರುವಿನಲ್ಲಿ, ಲಂಡನ್ನಿನ ಕಸದ ತೊಟ್ಟಿಯಲ್ಲಿ ಸಿಕ್ಕ ರೇಡಿಯೋ ಬೋರ್ಡನ್ನು ತಂದು, ಸ್ಪೀಕರ್ ಡಬ್ಬಿಯೊಳಗೆ ಕೂರಿಸಿ, 9 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಿದರು. ಅದೇ ಆಂಪಿನಲ್ಲಿ ಆ ತಂಡದ ಗಿಟಾರಿಸ್ಟ್ ಬ್ರಯಾನ್ ಮೇ ಮುಂದೆ ರೆಕಾರ್ಡಿಂಗುಗಳಲ್ಲಿ ನುಡಿಸಿದರು. ಮೇ ಅವರ ಗಿಟಾರೂ ಅಪ್ಪ ಮಗ ಸೇರಿ ಮನೆಯಲ್ಲೇ ಮಾಡಿದ್ದು, ಅದರ ಕುತ್ತಿಗೆಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಇದನ್ನು ಓದಿದಾಗಿನಿಂದ ನನ್ನ ಟಿಫನ್ ಡಬ್ಬಿಯ ಬಗ್ಗೆ ನನಗೆ ಗೌರವ ಹೆಚ್ಚಾಗಿದೆ.

ಸರಿ, ಹಬ್ಬದ ದಿನ. ಜಿಟಿಜಿಟಿ ಮಳೆ. ಡಬ್ಬಿಗೆ ಟಾರ್ಪಾಲಿನ್ ಸುತ್ತಿ ಆಟೋದಲ್ಲಿ ತಂದೆ. ಒಂದು ಕಾಂಪೌಂಡ್ ಗೋಡೆಗೆ ಎದುರಾಗಿ ಶಾಮಿಯಾನ ಹಾಕಿದ್ದರು, ವೇದಿಕೆ ಅಂತ ಬೇರೆ ಇಲ್ಲ, ನೆಲದ ಮೇಲೇ ಜಮಖಾನ. ಮೈಕ್‌ಸೆಟ್ಟಿನ ಎರಡು ಕಾಲಂ ಸ್ಪೀಕರುಗಳು ಹಾಡುವವರಿಗೆ ಮತ್ತು ಕೀಬೋರ್ಡಿಗೆ ಮಾತ್ರ. ಆಕ್ಟೋಪ್ಯಾಡ್ (ಕೋಲಿನಿಂದ ಬಡಿಯುವ ಎಲೆಕ್ಟ್ರಾನಿಕ್ ಡ್ರಮ್) ನುಡಿಸುವ ಹುಡುಗನಿಗೆ ಅವನದೇ ಸ್ಪೀಕರ್ ಇತ್ತು. ನನ್ನ 8 ವಾಟ್ ಅವನ ಪಕ್ಕದಲ್ಲಿ, ಗೋಡೆಯಿಂದ ಸುಮಾರು ಒಂದು ಮೀಟರ್ ಮುಂದೆ.

ಮನೆಯ ಕೋಣೆಯಲ್ಲಿ ಆ ಡಬ್ಬಿ ಕಿಟಕಿ ಗಾಜು ಅದುರಿಸುತ್ತದೆ. ಬಯಲಿನಲ್ಲಿ ಸದ್ದನ್ನು ಹಿಡಿದಿಡುವ ಗೋಡೆಗಳೇ ಇಲ್ಲ, ದೂರ ದುಪ್ಪಟ್ಟಾದ ಹಾಗೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಇದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಬೇರೆ. ಮೊದಲ ಹಾಡು ಎಫ್ ಸ್ಕೇಲ್, ಅಂದರೆ ಎಫ್ ಸ್ವರವೇ ಷಡ್ಜ. ಹಾಡುವ ಗೆಳೆಯ ಕುರ್ಚಿಗಳ ನಡುವೆ ನಿಂತು ಕೇಳಿ, "ಬೇರೆ ಎಲ್ಲಾ ಕೇಳ್ತಿದೆ ಕಣೋ, ನೀನು ಷಡ್ಜಕ್ಕೆ ಬಂದಾಗ್ಲೇ ಬೇಸ್ ಇಲ್ಲ" ಅಂದ. ಗಿಟಾರ್ ಅವನ ಕೈಗೆ ಕೊಟ್ಟು, ಆ ಸ್ವರವನ್ನೇ ಮೀಟುತ್ತಿರು ಅಂತ ಹೇಳಿ ನಾನೂ ಹೋಗಿ ನಿಂತೆ. ನಿಜ. ಸ್ವರ ಇದೆ, ತೂಕ ಇಲ್ಲ. ಪಕ್ಕದ ಇ, ಜಿ ಕೂಡ ತೆಳ್ಳಗಿವೆ, ದೂರದ ಸ್ವರಗಳು ಚೆನ್ನಾಗಿವೆ.

ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಾ ನಿಂತೆ. ಕೆಳಗಿನ ಸ್ವರಗಳು ಡಬ್ಬಿಯ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಎಲ್ಲ ದಿಕ್ಕಿಗೂ ಹರಡುತ್ತವೆ. ಹಿಂದಕ್ಕೆ ಹೋದದ್ದು ಗೋಡೆಗೆ ತಾಗಿ ವಾಪಸ್ ಬರುತ್ತದೆ. ಹೋಗಿ ಬರುವ ದಾರಿ ಎರಡು ಮೀಟರ್. ಅವನು ಮೀಟುತ್ತಿದ್ದ ಎಫ್ ಮೇಲಿನ ಸ್ಥಾಯಿಯದು, 87 ಹರ್ಟ್ಸ್, ಅದರ ಅಲೆಯ ಉದ್ದ ಸುಮಾರು ನಾಲ್ಕು ಮೀಟರ್. ಎರಡು ಮೀಟರ್ ಅಂದರೆ ಸರಿಯಾಗಿ ಅರ್ಧ ಅಲೆ. ಮುಂದೆ ಹೋಗುವ ಅಲೆ ಏಳುವಾಗ ಗೋಡೆಯಿಂದ ಬಂದ ಅಲೆ ಬೀಳುತ್ತದೆ, ಒಂದನ್ನೊಂದು ಹೆಚ್ಚುಕಡಿಮೆ ಅಳಿಸಿಹಾಕುತ್ತವೆ. ಮೀಟಿದ ತಂತಿ ಅದರ ಜೊತೆಗೇ ದುಪ್ಪಟ್ಟು, 174 ಹರ್ಟ್ಸ್‌ನಲ್ಲೂ ನುಡಿಯುತ್ತದೆ. ಅದಕ್ಕೆ ಅದೇ ಎರಡು ಮೀಟರ್ ಪೂರ್ತಿ ಒಂದು ಅಲೆ, ಹಾಗಾಗಿ ಅದು ಉಳಿಯುತ್ತದೆ. ಸ್ವರ ಇದ್ದೂ ತೂಕ ಇಲ್ಲದ್ದು ಇದರಿಂದ.

ಡಬ್ಬಿಯನ್ನು ಗೋಡೆಯ ಕಡೆಗೆ ತಳ್ಳಿದೆ. ಕಾಂಪೌಂಡ್ ಗೋಡೆ ಒಂದು ಮನೆಯ ಪಕ್ಕದ ಗೋಡೆಗೆ ಸೇರುವ ಮೂಲೆ ಹತ್ತಿರದಲ್ಲೇ ಇತ್ತು, ಅಲ್ಲಿಗೇ ಕೊಂಡೊಯ್ದೆ. ನೆಲ ಒಂದು, ಗೋಡೆ ಎರಡು. ಗೋಡೆಗೆ ಅಂಟಿಕೊಂಡು ಇಟ್ಟಾಗ ವಾಪಸ್ ಬರುವ ಅಲೆ ಮುಂದಿನ ಅಲೆಯ ಜೊತೆಗೇ ಹೊರಡುತ್ತದೆ, ಅಳಿಸುವ ಬದಲು ಕೂಡುತ್ತದೆ. ಒಂದೊಂದು ಗೋಡೆಗೆ ಹೆಚ್ಚೆಂದರೆ 6 ಡೆಸಿಬೆಲ್ ಲಾಭ. ಪೂರ್ತಿ ಸಿಗುವುದಿಲ್ಲ, ಅರ್ಧ ಸಿಕ್ಕರೂ ಪ್ರತಿ ಗೋಡೆಯೂ ಆಂಪಿನ ವಾಟನ್ನು ದುಪ್ಪಟ್ಟು ಮಾಡಿದ ಲೆಕ್ಕ. ಖರ್ಚು ಸೊನ್ನೆ.

ಗೆಳೆಯ ಮತ್ತೆ ಎಫ್ ಮೀಟಿದ. ನಾನು ಕುರ್ಚಿಗಳ ನಡುವೆಯೇ ನಿಂತಿದ್ದೆ. ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನ ಮೇಲೆ ಕೈ ಇಟ್ಟಿದ್ದೆ, ಅದು ಅದುರಿತು. ಅಟ್ಟದ ಹೊಗೆ, ಸುಟ್ಟ ಕಾಯಿಲು, ದಿಂಬಿನ ಹತ್ತಿ ಎಲ್ಲ ಸೇರಿ ಅಷ್ಟು ದೂರ ಬಂದಿವೆ ಅನ್ನಿಸಿ ನನಗೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ಕಾರ್ಯಕ್ರಮ ಎರಡು ಗಂಟೆಗೂ ಹೆಚ್ಚು ನಡೆಯಿತು. ಮಧ್ಯೆ ಮಳೆ ಜೋರಾಗಿ ಶಾಮಿಯಾನದ ಸದ್ದೇ ಎಲ್ಲವನ್ನೂ ಮುಚ್ಚಿತು, ಮತ್ತೆ ನಿಂತಿತು. ಡಬ್ಬಿ ಮೂಲೆಯಲ್ಲಿ, ನಾನು ಗಾಯಕನ ಪಕ್ಕದಲ್ಲಿ, ಉದ್ದ ವೈರ್ ಎಳೆದುಕೊಂಡು. ನನ್ನ ಸದ್ದು ನನಗೇ ಹಿಂದಿನಿಂದ ಸ್ವಲ್ಪ ತಡವಾಗಿ ಬರುತ್ತಿತ್ತು, ಅದಕ್ಕೆ ಆಕ್ಟೋಪ್ಯಾಡ್ ಹುಡುಗನ ಕೈ ನೋಡಿಕೊಂಡೇ ನುಡಿಸಿದೆ. ಗಾಯಕ ಒಂದು ಚರಣದ ಕೊನೆಯನ್ನು ಎಳೆದ, ಅವನು ಉಸಿರು ತೆಗೆದುಕೊಳ್ಳುವವರೆಗೆ ನಾನು ಕಾದೆ. ಮುಗಿದ ಮೇಲೆ ವಯಸ್ಸಾದ ಒಬ್ಬರು ಬಂದು, "ನಾಲ್ಕೇ ತಂತಿ ಯಾಕಪ್ಪಾ?" ಅಂತ ಕೇಳಿದರು. ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳೇ, ಒಂದು ಸ್ಥಾಯಿ ಕೆಳಗೆ ಅಂತ ನುಡಿಸಿ ತೋರಿಸಿದೆ. ಅವರು ತಮ್ಮ ಕಾಲದ ಆರ್ಕೆಸ್ಟ್ರಾಗಳ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಈಗ ಅದೇ ಮೈಕ್‌ಸೆಟ್ ಅಂಗಡಿಯಿಂದ ಇನ್ನೊಂದು ಹನ್ನೆರಡು ಇಂಚಿನ ಸ್ಪೀಕರ್ ತಂದಿದ್ದೇನೆ, ಅದೂ 8 ಓಮ್. ಎರಡನ್ನೂ ಪ್ಯಾರಲಲ್ ಸೇರಿಸಿದರೆ 4 ಓಮ್, ಅದೇ ಬ್ಯಾಟರಿಯಿಂದ ಹೆಚ್ಚುಕಡಿಮೆ ದುಪ್ಪಟ್ಟು ವಾಟ್. ಎರಡು ಕೋನ್ ಒಟ್ಟಿಗೆ ತಳ್ಳುವುದರಿಂದ ಅದರ ಮೇಲೆ ಇನ್ನಷ್ಟು. ರೀಕೋನಿಗೆ ಕೊಟ್ಟಿದ್ದೇನೆ, ದೀಪಾವಳಿ ಕಳೆದ ಮೇಲೆ ಕೊಡುತ್ತಾರಂತೆ. ಪ್ಲೈವುಡ್ ತುಂಡುಗಳಿಗೆ ಬಡಗಿಗೆ ಹೇಳಿಟ್ಟಿದ್ದೇನೆ.