ಜ್ವರ ಬಿಟ್ಟ ಮೇಲೆ ಬಂದ ಮರೆವು

2021ರ ಮೇ ತಿಂಗಳಲ್ಲಿ ಕೊಡಗಿನ ಸೋಮವಾರಪೇಟೆ ಸಮೀಪದ ನಮ್ಮ ಮನೆಯಲ್ಲಿ ಅಣ್ಣನಿಗೆ ಕೋವಿಡ್ ಬಂದಿತ್ತು. ಆಸ್ಪತ್ರೆ ಸೇರುವ ಪ್ರಮೇಯ ಬರಲಿಲ್ಲ. ಹತ್ತು ದಿನ ಜ್ವರ, ಕೆಮ್ಮು ಅನುಭವಿಸಿ ಎದ್ದು ಕುಳಿತಾಗ, ದೊಡ್ಡ ಗಂಡಾಂತರವೊಂದು ಕಳೆಯಿತೆಂದು ನಾವೆಲ್ಲ ಸಮಾಧಾನಪಟ್ಟೆವು. ಆದರೆ ಮಳೆಗಾಲ ಹಿಡಿಯುವ ಹೊತ್ತಿಗೆ, ಇಪ್ಪತ್ತು ವರ್ಷಗಳಿಂದ ತೋಟದ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದವನು ಹಾಜರಿ ಪುಸ್ತಕ ತೆರೆದಿಟ್ಟುಕೊಂಡು ಲೈನ್‌ಮನೆಯ ಕಾರ್ಮಿಕರ ಹೆಸರುಗಳಿಗಾಗಿ ತಡಕಾಡತೊಡಗಿದ. ರಾತ್ರಿ ನಿದ್ದೆಯಿಲ್ಲ, ಹಗಲು ತೋಟಕ್ಕೆ ಇಳಿಯುವ ಮನಸ್ಸಿಲ್ಲ. "ಜ್ವರ ಬಿಟ್ಟ ಮೇಲೆ ಇವರು ಮೊದಲಿನ ಹಾಗಿಲ್ಲ, ನೀನೇ ಒಂದು ಸಲ ಮಾತಾಡಿ ನೋಡು" ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಾಗ, ಸಾಲದ ಚಿಂತೆಯಿರಬೇಕು, ಸರಿಹೋಗುತ್ತದೆ ಎಂದುಬಿಟ್ಟೆ. ಆ ಮಾತನ್ನಾಡಿದ್ದಕ್ಕೆ ಇಂದಿಗೂ ನನಗೆ ನೋವಿದೆ.

ಮರುವರ್ಷ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಅರಳಿದಾಗ, ಕಣ್ಣಿಗೆ ಕಂಡ ಕಾಫಿ ಹೂವಿನ ಪರಿಮಳ ಅವನ ಮೂಗಿಗೆ ತಟ್ಟಲಿಲ್ಲ. ಅದೇ 2022ರಲ್ಲಿ ಬ್ರಿಟನ್ನಿನ ಸಂಶೋಧಕರು, ಸೋಂಕಿಗೆ ಮೊದಲೇ ಮೆದುಳಿನ ಸ್ಕ್ಯಾನ್ ಆಗಿದ್ದ 785 ಜನರನ್ನು ಮತ್ತೊಮ್ಮೆ ಸ್ಕ್ಯಾನ್ ಮಾಡಿ ಪಡೆದ ಫಲಿತಾಂಶವನ್ನು ಪ್ರಕಟಿಸಿದರು. ಅವರಲ್ಲಿ ನಡುವೆ ಕೋವಿಡ್ ತಗುಲಿದ್ದ 401 ಜನರಲ್ಲಿ, ಉಳಿದವರಿಗೆ ಹೋಲಿಸಿದರೆ, ವಾಸನೆಗೆ ಸಂಬಂಧಿಸಿದ ಮೆದುಳಿನ ಭಾಗಗಳು ಸರಾಸರಿಯಲ್ಲಿ ತುಸು ಹೆಚ್ಚು ತೆಳುವಾಗಿದ್ದವು. ಅವರಲ್ಲಿ ಹೆಚ್ಚಿನವರು ಅಣ್ಣನಂತೆಯೇ ಆಸ್ಪತ್ರೆ ಸೇರದೆ ಗುಣವಾದವರು. ಸರಾಸರಿಯ ಲೆಕ್ಕವನ್ನು ಒಬ್ಬ ರೋಗಿಯ ತಲೆಗೆ ಹೊಂದಿಸಬಾರದೆಂಬುದು ನಿಜ. ಆದರೂ ಅದನ್ನು ಓದಿದ ದಿನವೇ ನಾನು ಅಣ್ಣನನ್ನು ಮೈಸೂರಿಗೆ ಕರೆದೊಯ್ಯಲು ನಿಶ್ಚಯಿಸಿದೆ.

ವೈರಸ್ಸು ಮೆದುಳಿನೊಳಗೆ ಹೊಕ್ಕರೆ ಮಾತ್ರ ಮನಸ್ಸು ಕೆಡುತ್ತದೆ ಎಂದು ನಾನು ತಿಳಿದಿದ್ದೆ. ಬಹಳಷ್ಟು ಸಲ ಅದು ಹೊಗಬೇಕಾಗಿಯೇ ಇಲ್ಲ. ಸೋಂಕನ್ನು ಎದುರಿಸಲು ದೇಹ ಹೊರಡಿಸುವ ಸೈಟೋಕೈನ್ ಎಂಬ ರಾಸಾಯನಿಕ ಸಂದೇಶಗಳು ರಕ್ತದ ಮೂಲಕವೂ ನರಗಳ ಮೂಲಕವೂ ಮೆದುಳಿಗೆ ಮುಟ್ಟಿ, ಅಲ್ಲಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾವನ್ನು ಎಚ್ಚರಿಸುತ್ತವೆ. ಜ್ವರ ಬಂದಾಗ ಊಟ ಸೇರದಿರುವುದು, ಯಾರೊಡನೆಯೂ ಮಾತು ಬೇಡವೆನಿಸುವುದು, ಮೂಲೆ ಹಿಡಿದು ಮಲಗುವುದು ಈ ಎಚ್ಚರಿಕೆಯ ಫಲವೇ. ಜ್ವರ ಇಳಿದೊಡನೆ ಅದೂ ಇಳಿಯಬೇಕು, ಕೆಲವರಲ್ಲಿ ಇಳಿಯುವುದಿಲ್ಲ. ಈ ಪ್ರತಿಕ್ರಿಯೆ, ಅಂದರೆ ಉರಿಯೂತ, ಮುಂದುವರಿದಾಗ, ಮನಸ್ಸಿನ ಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕದ ತಯಾರಿಕೆಗೆ ಬೇಕಾದ ಟ್ರಿಪ್ಟೋಫ್ಯಾನ್ ಎಂಬ ಅಮೈನೊ ಆಮ್ಲ ಬೇರೆ ದಾರಿಗೆ ತಿರುಗಿ ಖರ್ಚಾಗುವುದೂ ಉಂಟು. ಇದಕ್ಕೆ ನನಗೆ ಅತ್ಯಂತ ಸ್ಪಷ್ಟವಾಗಿ ಕಂಡ ಸಾಕ್ಷ್ಯ ಯಕೃತ್ತಿನ ವೈರಸ್ ಸೋಂಕಾದ ಹೆಪಟೈಟಿಸ್ ಸಿ ರೋಗಿಗಳದು. ಹಿಂದೆ ಅವರಿಗೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದರು. ಅದು ವೈರಸ್ ಬಂದಾಗ ದೇಹವೇ ತಯಾರಿಸುವ ವಸ್ತು. ಚಿಕಿತ್ಸೆ ಪಡೆದವರಲ್ಲಿ ಸುಮಾರು ಕಾಲು ಭಾಗದಷ್ಟು ಜನರು ಖಿನ್ನತೆಗೆ ಜಾರಿದರು. ಅವರನ್ನು ಧೈರ್ಯಗೇಡಿಗಳೆನ್ನಲು ಯಾರಿಗಾದರೂ ಬಾಯಿ ಬರುತ್ತದೆಯೇ?

ಇದು ಕೋವಿಡ್ಡಿನಿಂದ ಹೊಸದಾಗಿ ತಿಳಿದ ವಿಷಯವೂ ಅಲ್ಲ. 1918ರ ಇನ್‌ಫ್ಲುಯೆಂಜಾದ ನಂತರ ಬಾಸ್ಟನ್ನಿನಲ್ಲಿ ಮಾನಸಿಕ ಅಸ್ವಸ್ಥತೆಗೆ ಗುರಿಯಾದ ರೋಗಿಗಳ ಬಗ್ಗೆ ಅಮೆರಿಕದ ಮನೋವೈದ್ಯ ಕಾರ್ಲ್ ಮೆನಿಂಜರ್ 1919ರಲ್ಲಿಯೇ ಬರೆದಿದ್ದರು. ಸುಮಾರು 12.8 ಲಕ್ಷ ಕೋವಿಡ್ ರೋಗಿಗಳ ದಾಖಲೆಗಳನ್ನು ಎರಡು ವರ್ಷಗಳ ಅವಧಿಗೆ ಪರಿಶೀಲಿಸಿದ ಆಕ್ಸ್‌ಫರ್ಡ್ ಅಧ್ಯಯನವು 2022ರಲ್ಲಿ ಹೊರಬಂದಿತು. ಇತರ ಶ್ವಾಸಕೋಶದ ಸೋಂಕುಗಳಿಗೆ ಹೋಲಿಸಿದಾಗ, ಖಿನ್ನತೆ ಮತ್ತು ಆತಂಕದ ಹೆಚ್ಚುವರಿ ಅಪಾಯ ಒಂದೆರಡು ತಿಂಗಳಲ್ಲಿ ತಗ್ಗಿದರೂ, ಯೋಚನೆ ಮಸುಕಾಗುವ ತೊಂದರೆಯ ಅಪಾಯ ವಯಸ್ಕರಲ್ಲಿ ಎರಡು ವರ್ಷವಾದರೂ ಹೆಚ್ಚಾಗಿಯೇ ಉಳಿದಿತ್ತು.

ವೈರಸ್ಸು ನೇರವಾಗಿ ಮೆದುಳಿಗೆ ಹೊಕ್ಕಾಗಿನ ಕಥೆ ಬೇರೆ, ಅಲ್ಲಿ ಒಂದೊಂದು ಗಂಟೆಯೂ ಮುಖ್ಯ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸೇ ಅಪರೂಪಕ್ಕೆ ಮೆದುಳಿನ ಪಾರ್ಶ್ವ ಭಾಗವನ್ನು ಹಿಡಿದರೆ, ಜ್ವರದ ಜೊತೆ ವಿಚಿತ್ರ ಮಾತು, ಸಿಟ್ಟು, ಇಲ್ಲದ್ದನ್ನು ಕಾಣುವುದು ಮೊದಲಾಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಸುಮಾರು 70 ಶೇಕಡಾ ರೋಗಿಗಳು ಸಾಯುತ್ತಾರೆ, ಎಸೈಕ್ಲೊವಿರ್ ಎಂಬ ವೈರಸ್ ನಿರೋಧಕ ಔಷಧಿ ಬೇಗ ಸಿಕ್ಕರೆ ಹೆಚ್ಚಿನವರು ಉಳಿಯುತ್ತಾರೆ. ಗದ್ದೆಯ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಹಂದಿ ಮತ್ತು ನೀರಹಕ್ಕಿಗಳಿಂದ ತರುವ ಜಪಾನೀಸ್ ಎನ್‌ಸೆಫಲೈಟಿಸ್ ವೈರಸ್ಸು ಮೆದುಳಿಗೇರಿದವರಲ್ಲಿ 30ರಿಂದ 50 ಶೇಕಡಾ ಜನರಿಗೆ ನರದ ಅಥವಾ ನಡವಳಿಕೆಯ ಶಾಶ್ವತ ತೊಂದರೆ ಉಳಿಯುತ್ತದೆ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ, ನಮ್ಮ ನೆರೆಯ ವಯನಾಡಿನಲ್ಲೂ ಕಾಣಿಸಿಕೊಂಡ ಮಂಗನ ಕಾಯಿಲೆಯಲ್ಲಿಯೂ ಕೆಲವರಿಗೆ ಜ್ವರ ಎರಡನೆಯ ಬಾರಿ ಮರಳಿ, ನಡುಕ ಮತ್ತು ಮನಸ್ಸಿನ ಗೊಂದಲವನ್ನು ತರುತ್ತದೆ. ಜ್ವರದಲ್ಲಿ ಮಾತು ಬದಲಾದವರನ್ನು ಗಾಳಿ ಸೋಕಿದೆಯೆಂದು ಯಂತ್ರ ಕಟ್ಟಿಸಲು ಕರೆದೊಯ್ದದ್ದನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ. ದಯವಿಟ್ಟು ಆ ಹೊತ್ತಿನಲ್ಲಿ ಜೀಪು ಆಸ್ಪತ್ರೆಯ ಕಡೆಗೇ ಹೋಗಲಿ.

ಮೈಸೂರಿನ ವೈದ್ಯರು ಮೊದಲು ಥೈರಾಯ್ಡ್ ಮತ್ತು ಬಿ12 ಪರೀಕ್ಷೆ ಮಾಡಿಸಿದರು. ಅವುಗಳ ಏರುಪೇರೂ ಇಂಥದೇ ಲಕ್ಷಣಗಳನ್ನು ತೋರಬಲ್ಲದು. ನಂತರ ಖಿನ್ನತೆಗೆ ಔಷಧಿ ಆರಂಭಿಸಿ, ಆಯಾಸವಾಗುವ ಮೊದಲೇ ಕೆಲಸ ನಿಲ್ಲಿಸುವಂತೆ ತಿಳಿಸಿದರು. ನಿದ್ದೆ ಮೂರು ತಿಂಗಳಲ್ಲಿ ಮರಳಿತು. ನೆನಪು ನಿಧಾನವಾಗಿ, ಪೂರ್ತಿಯಾಗಿ ಅಲ್ಲ. ಮರುವರ್ಷದ ಆಷಾಢದ ಮಳೆಯಲ್ಲಿ ಮೈಸೂರಿಗೆ ಹೋಗಲಾಗದಿದ್ದಾಗ ಅತ್ತಿಗೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆದರು. ಮೊದಲ ಭೇಟಿಯಲ್ಲಿ ವೈದ್ಯರು ಕೇಳಿದ್ದು ಜ್ವರ ಬಂದದ್ದು ಯಾವಾಗ, ಸ್ವಭಾವ ಬದಲಾದದ್ದು ಯಾವಾಗ ಎಂದು. ನಾನು ಉತ್ತರಕ್ಕೆ ತಡವರಿಸುತ್ತಿದ್ದಾಗ ಅತ್ತಿಗೆ ತಮ್ಮ ಚೀಲದಿಂದ ಹಳೆಯ ಕ್ಯಾಲೆಂಡರಿನ ಎರಡು ಹಾಳೆಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಎರಡು ದಿನಾಂಕಗಳಿಗೂ ಅವರು ಆಗಲೇ ಸುತ್ತು ಹಾಕಿದ್ದರು.