ಎಂಬತ್ತು ಹೆಜ್ಜೆಯ ತಲೆನೋವು

14 ಜನವರಿ 2024, ಭಾನುವಾರ
ಗ್ರೀನ್‌ಫೀಲ್ಡ್, ಮ್ಯಾಸಚೂಸೆಟ್ಸ್

ಹೊರಗೆ ಹಿಮ. ಬೆಳಗ್ಗೆಯಿಂದ ಅಡುಗೆಮನೆ ಮೇಜಿನ ಮೇಲೆ ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನದ ಡಬ್ಬಿಗಳನ್ನು ಸುತ್ತಿಸುತ್ತಾ ಕೂತಿದ್ದೇನೆ. ಸಾಸಿವೆ-ಜೀರಿಗೆ ಒಂದು ಜೋಡಿ, ಮೆಂತ್ಯ-ಅರಿಶಿನ ಇನ್ನೊಂದು. ನಾನು ಕಟ್ಟಿದ ಕಾಂಟ್ರಾ ಡಾನ್ಸು ನಿನ್ನೆ ಕೆಟ್ಟಿತು, ಅದರ ರಿಪೇರಿ ನಡೀತಿದೆ.

ಕಾಂಟ್ರಾ ಅಂದ್ರೆ ಎದುರುಬದುರು ಎರಡು ಸಾಲು, ಪಿಟೀಲು, ಹೆಜ್ಜೆ ಕೂಗಿ ಹೇಳುವ ಕಾಲರ್. ಒಂದು ಸುತ್ತು ಮುಗಿದರೆ ಪ್ರತಿ ಜೋಡಿ ಒಂದು ಮನೆ ಸರಿದು, ಹೊಸ ಜೋಡಿಯ ಜೊತೆ ಅದನ್ನೇ ಮತ್ತೆ ಕುಣಿಯಬೇಕು. ಟ್ಯೂನಿನ ಎ ಭಾಗ ಎರಡು ಸಲ, ಬಿ ಎರಡು ಸಲ, ಒಂದೊಂದಕ್ಕೆ 16 ಹೆಜ್ಜೆ. ಒಟ್ಟು 64. ಅಮ್ಮ ಫೋನಿನಲ್ಲಿ ಕೇಳಿ, "ಕೋಲಿಲ್ಲದ ಕೋಲಾಟ ಅನ್ನು" ಅಂದಳು. ಹೆಚ್ಚುಕಮ್ಮಿ ಅದೇ.

ಪಿಟೀಲಿನ ಗೆಳೆಯ ಬರೆದ ಹೊಸ ಟ್ಯೂನಿಗೆ ಬಾಲ ಇದೆ. ಎರಡು ಎ, ಎರಡು ಬಿ, ಆಮೇಲೆ ಒಂದೇ ಒಂದು ಸಿ. ಒಟ್ಟು 80 ಹೆಜ್ಜೆ. ಬಾಲ ಕತ್ತರಿಸು ಅಂದರೆ ಕೇಳಲಿಲ್ಲ. ಅವನ ಮಾತೂ ಸರಿಯೇ. 'ಮನಿ ಮಸ್ಕ್' ಅನ್ನುವ ಹಳೆಯ ಡಾನ್ಸ್ ಇಲ್ಲಿ 48 ಹೆಜ್ಜೆಗೇ ನಡೆಯುತ್ತದೆ, ಯಾರೂ ಅದನ್ನು 64ಕ್ಕೆ ಎಳಿ ಅನ್ನುವುದಿಲ್ಲ. ಆದರೆ ಅಲ್ಲಿ ಹೆಜ್ಜೆ ಸಾಲದೆ ಓಡಬೇಕು. ನನಗೆ ಹೆಜ್ಜೆ ಮಿಕ್ಕಿದೆ.

ಮಿಕ್ಕ 16ಕ್ಕೆ ಸುಮ್ನೆ ಇನ್ನೊಂದು ಬ್ಯಾಲೆನ್ಸ್-ಸ್ವಿಂಗ್ ಹಾಕಿದ್ದೆ, ಅಂದ್ರೆ ಕೈಹಿಡಿದು ಹಿಂದೆಮುಂದೆ ತೂಗಿ, ಆಮೇಲೆ ಇಬ್ಬರೂ ಗಿರಗಿರ ಸುತ್ತುವುದು. ಸೋಮಾರಿತನ, ಮತ್ತೇನೂ ಅಲ್ಲ. ನಿನ್ನೆ ಆರು ಜೋಡಿ ಕರೆದು ಕುಣಿಸಿದರೆ, 64 ಆದ ಕೂಡಲೇ ಅರ್ಧ ಸಾಲು ಮುಂದಿನ ಜೋಡಿಯ ಕಡೆ ನಡೆದೇಬಿಟ್ಟಿತು! ನಾನು "ಇನ್ನೂ ಇದೆ, ಇನ್ನೂ ಇದೆ" ಅಂತ ಕೂಗುತ್ತಿದ್ದೆ. ಕಾಲಿಗೆ ಅಷ್ಟು ವರ್ಷದ ಅಭ್ಯಾಸ, ಅದು ಕಿವಿಯ ಮಾತು ಕೇಳುತ್ತದೆಯೇ?

ಇವತ್ತು ಹೊಳೆದದ್ದು ಇಷ್ಟು: 64ನೇ ಹೆಜ್ಜೆಯಲ್ಲಿ ಕೈ ಖಾಲಿ ಇರಬಾರದು. ಹಿಡಿದ ಕೈ ಬಿಟ್ಟು ಯಾರೂ ಓಡುವುದಿಲ್ಲ, ಅಲ್ವಾ? ಅದಕ್ಕೇ ಬಿ ಎರಡನೇ ಸಲ ಬಂದಾಗ ಪಕ್ಕದವರ ಜೊತೆ ಡೋಸಿಡೋ (ಬೆನ್ನಿಗೆ ಬೆನ್ನಾಗಿ ಒಬ್ಬರನ್ನೊಬ್ಬರು ಸುತ್ತಿ ಬರುವುದು), ಆಮೇಲೆ ನಾಲ್ವರೂ ಕೈಹಿಡಿದು ಎಡಕ್ಕೆ ಪೂರ್ತಿ ಒಂದು ಸುತ್ತು. ಸಿ ಶುರುವಾದಾಗ ಇಬ್ಬರು ರಾಬಿನ್‌ಗಳು, ಅಂದ್ರೆ ಜೋಡಿಯಲ್ಲಿ ಬಲಗಡೆ ನಿಲ್ಲುವವರು, ಬಲಭುಜ ಹಾಯ್ದು ನಡುವೆ ನುಗ್ಗುತ್ತಾರೆ. ಪೂರ್ತಿ ಹೇ, ನಾಲ್ವರೂ ಜಡೆ ಹೆಣೆದ ಹಾಗೆ ಓಡಾಡುವುದು, ಸರಿಯಾಗಿ 16. ಸಿ ಭಾಗದ ಸ್ವರ ಕೆಳಗಿಳಿದು ಬಳುಕುತ್ತದೆ. ಅದಕ್ಕೆ ಕುಟ್ಟುವ ಬ್ಯಾಲೆನ್ಸ್ ಹಾಕಿದ್ದು ನನ್ನದೇ ದಡ್ಡತನ.

ಒಂದು ತಕರಾರು ಉಳಿದಿದೆ. ನಿಮಿಷಕ್ಕೆ 116 ಹೆಜ್ಜೆಯ ವೇಗದಲ್ಲಿ ಹತ್ತು ನಿಮಿಷಕ್ಕೆ ಮಾಮೂಲಿ ಡಾನ್ಸ್ 18 ಸುತ್ತು ಬರುತ್ತದೆ. ಇದು 14. ಉದ್ದ ಸಾಲಿನಲ್ಲಿ ನಾಲ್ಕು ಜೋಡಿ ಕಡಿಮೆ ಸಿಗುತ್ತಾರೆ. ಚಿಕ್ಕ ಹಾಲ್ ಇದ್ದಾಗಲೇ ಕೂಗಬೇಕು.

ಮೆಂತ್ಯದ ಮುಚ್ಚಳ ಸಡಿಲ ಇತ್ತು. ಹೇ ಮಧ್ಯೆ ಮೇಜೆಲ್ಲ ಮೆಂತ್ಯ.